ಫೋರ್ಕ್ ಏರುತ್ತದೆ, ಗಾಡಿ ಮಾತ್ರ ಹೊರಡಲ್ಲ

ಬೆಳಗಾವಿಯ ಉದ್ಯಮಬಾಗಿನಲ್ಲಿ ನನ್ನದೊಂದು ಸಣ್ಣ ಮಷಿನ್ ಶಾಪ್ ಇದೆ. ಸುತ್ತಲಿನ ಫೌಂಡ್ರಿಗಳಿಂದ ಕಾಸ್ಟಿಂಗ್ ಬರುತ್ತದೆ. ಅದನ್ನು ಲೇಥಿನಲ್ಲಿ ತಿರುವಿ, ತೂತು ಕೊರೆದು, ಎಣ್ಣೆ ಸವರಿ ವಾಪಸ್ ಕಳಿಸುತ್ತೇವೆ. ಒಂದೊಂದು ಪೆಟ್ಟಿಗೆ 700-800 ಕೆಜಿ ತೂಗುತ್ತದೆ. ಎಷ್ಟೋ ವರ್ಷ ಚೈನ್ ಪುಲ್ಲಿ, ಹ್ಯಾಂಡ್ ಪ್ಯಾಲೆಟ್ ಮೇಲೆ ಹೇಗೋ ನಡೆಸಿದೆವು. ಲಾರಿ ಬಂದಾಗ ಪಕ್ಕದವರ ಡೀಸೆಲ್ ಫೋರ್ಕ್‌ಲಿಫ್ಟ್‌ಗೆ ಕೈ ಒಡ್ಡುವುದು ನನಗೆ ಸಾಕಾಗಿ ಹೋಗಿತ್ತು.

ಹಾಗಾಗಿ ಪುಣೆ ಕಡೆಯ ಒಬ್ಬ ಹಳೆ ಗಾಡಿ ವ್ಯಾಪಾರಿಯಿಂದ ಒಂದು ಬ್ಯಾಟರಿ ಫೋರ್ಕ್‌ಲಿಫ್ಟ್ ತಂದೆ. 2 ಟನ್ ಎತ್ತುವ ಗಾಡಿ, 48 ವೋಲ್ಟ್, ಹಳೆ ಕಾಲದ ಡಿಸಿ ಸೀರೀಸ್ ಮೋಟಾರು. 2 ಲಕ್ಷ 40 ಸಾವಿರಕ್ಕೆ ಮಾತು ಮುಗಿಯಿತು. ಅಲ್ಲಿ ನಾನೇ ಕೂತು ಓಡಿಸಿ ನೋಡಿದ್ದೆ. ಮುಂದೆ ಹೋಯಿತು, ಹಿಂದೆ ಬಂತು, ಫೋರ್ಕ್ ಏರಿತು. ಹಿಂದೆ ಬರುವಾಗ ಒಂಚೂರು ಜರ್ಕ್ ಇತ್ತು. ಹಳೆ ಗಾಡಿ, ಇಷ್ಟಾದರೂ ಇರಲ್ವಾ ಅಂತ ಸುಮ್ಮನಾದೆ.

ಜುಲೈ ತಿಂಗಳು. ಲಾರಿ ದಾರಿಯುದ್ದಕ್ಕೂ ಮಳೆಯಲ್ಲಿ ನೆನೆಯುತ್ತಾ ಬಂತು. ಮೇಲೆ ತಾಡಪಾಲು ಹೊದಿಸಿದ್ದರು, ಆದರೆ ಗಾಳಿಗೆ ಒಂದು ಕಡೆ ಕಿತ್ತು ಬಂದಿತ್ತು. ಕ್ರೇನ್ ತರಿಸಿ ಗಾಡಿ ಇಳಿಸಿದೆವು. ಹುಡುಗರು ಕುಂಕುಮ, ಹೂವು, ತೆಂಗಿನಕಾಯಿ ಎಲ್ಲ ರೆಡಿ ಮಾಡಿಕೊಂಡು ನಿಂತಿದ್ದರು. ಕೀ ತಿರುಗಿಸಿದೆ. ಹಾರ್ನ್ ಕೂಗಿತು. ಲಿವರ್ ಎಳೆದರೆ ಫೋರ್ಕ್ ಸರಾಗವಾಗಿ ಏರಿತು. ಪೆಡಲ್ ಒತ್ತಿದೆ. ಏನೂ ಇಲ್ಲ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಕೊನೆಗೆ ಹ್ಯಾಂಡ್ ಬ್ರೇಕ್ ಬಿಟ್ಟು ಎಂಟು ಜನ ದಬ್ಬಿ ಶೆಡ್ ಒಳಗೆ ತಂದೆವು. ಕಾಯಿ ಒಡೆಯಲೇ ಇಲ್ಲ.

ವ್ಯಾಪಾರಿಗೆ ಫೋನ್ ಮಾಡಿದೆ. "ನಮ್ಮಲ್ಲಿ ಓಡ್ತಿತ್ತಲ್ಲ ಸರ್" ಅಂದ. ಅದು ನಿಜವೇ. ಊರಿನ ಒಬ್ಬ ಸರ್ವಿಸ್ ಹುಡುಗನನ್ನು ಕರೆಸಿದೆ. ಕವರ್ ಕೂಡ ಬಿಚ್ಚದೆ ಐದೇ ನಿಮಿಷದಲ್ಲಿ ತೀರ್ಪು ಕೊಟ್ಟ: ಕಂಟ್ರೋಲರ್ (ಮೋಟಾರಿಗೆ ಹೋಗುವ ಕರೆಂಟನ್ನು ಹೆಚ್ಚು-ಕಡಿಮೆ ಮಾಡುವ ಪೆಟ್ಟಿಗೆ) ಹೋಗಿದೆ, 65 ಸಾವಿರ ಆಗುತ್ತೆ. ನೋಡದೆ ಹೇಳಿದ ಮಾತಿಗೆ 65 ಸಾವಿರ ಕೊಡುವಷ್ಟು ದುಡ್ಡು ನನ್ನ ಹತ್ತಿರ ಇರಲಿಲ್ಲ. ಇದ್ದಿದ್ದರೆ ಬಹುಶಃ ಕೊಟ್ಟೇಬಿಡುತ್ತಿದ್ದೆ. ಅಷ್ಟು ಬೇಜಾರಾಗಿತ್ತು.

ರಾತ್ರಿ ಮನೆಗೆ ಹೋದ ಮೇಲೆ ಸ್ವಲ್ಪ ತಲೆ ಓಡಿತು. ಫೋರ್ಕ್ ಏರುತ್ತಿದೆ ಅಂದರೆ ಬ್ಯಾಟರಿಯಲ್ಲಿ ದಮ್ಮಿದೆ. ದೊಡ್ಡ ಪ್ಲಗ್ ಸರಿ ಇದೆ, ಕೀ ಸ್ವಿಚ್ ಸರಿ ಇದೆ. ಪಂಪಿನ ಮೋಟಾರು ಭಾರ ಎತ್ತುವಾಗ ನೂರಾರು ಆಂಪಿಯರ್ ಎಳೆಯುತ್ತದೆ, ಅದಕ್ಕೆ ಸಿಗುತ್ತಿದೆಯಲ್ಲ. ತೊಂದರೆ ಇರುವುದು ಓಡಿಸುವ ದಾರಿಯಲ್ಲಿ ಮಾತ್ರ. ಅರ್ಧ ಗಾಡಿ ಲೆಕ್ಕದಿಂದ ಹೊರಗೆ ಹೋಯಿತು. ಇನ್ನೊಂದು ವಿಷಯ ಹಾಸಿಗೆಯಲ್ಲಿ ಹೊಳೆಯಿತು. ಪುಣೆಯಲ್ಲಿ ಪೆಡಲ್ ಒತ್ತಿದಾಗ ಸೀಟಿನ ಕೆಳಗೆ 'ಟಕ್' ಅಂತ ಕಾಂಟ್ಯಾಕ್ಟರ್, ಅಂದರೆ ದಪ್ಪ ಕೇಬಲ್ಲಿನ ಕರೆಂಟ್ ಕೂಡಿಸುವ ದೊಡ್ಡ ಸ್ವಿಚ್, ಬಡಿದ ಶಬ್ದ ಬರುತ್ತಿತ್ತು. ಇಲ್ಲಿ ಆ ಶಬ್ದವೇ ಇಲ್ಲ.

ಈ 'ಟಕ್' ದೊಡ್ಡ ಸುಳಿವು. ಇಂಥ ಗಾಡಿಯಲ್ಲಿ ಎರಡು ದಾರಿ ಇರುತ್ತವೆ. ದಪ್ಪ ಕೇಬಲ್ಲಿನ ದಾರಿ ಮೋಟಾರಿಗೆ ಕರೆಂಟ್ ಒಯ್ಯುತ್ತದೆ. ಸಣ್ಣ ವೈರಿನ ದಾರಿ ಅದಕ್ಕೆ ಅಪ್ಪಣೆ ಕೊಡುತ್ತದೆ. ಸಣ್ಣ ದಾರಿಯಲ್ಲಿ ಕೀ, ಸಣ್ಣ ಫ್ಯೂಸು, ಸೀಟ್ ಸ್ವಿಚ್, ಹ್ಯಾಂಡ್ ಬ್ರೇಕ್ ಸ್ವಿಚ್, ಮುಂದೆ-ಹಿಂದೆ ಲಿವರ್, ಪೆಡಲ್ ಕೆಳಗಿನ ಮೈಕ್ರೋಸ್ವಿಚ್, ಎಲ್ಲ ಹೈವೇಯ ಟೋಲ್ ಗೇಟಿನ ಹಾಗೆ ಸಾಲಾಗಿ ಕೂತಿರುತ್ತವೆ. ಒಂದು ಗೇಟ್ ಮುಚ್ಚಿದ್ದರೂ ಮುಂದಕ್ಕೆ ಬಿಡಲ್ಲ. 'ಟಕ್' ಬಂದೂ ಗಾಡಿ ಹೊರಡದಿದ್ದರೆ ದಪ್ಪ ಕೇಬಲ್, ಕಂಟ್ರೋಲರ್, ಮೋಟಾರು ನೋಡಬೇಕು. 'ಟಕ್' ಬರಲಿಲ್ಲ ಅಂದರೆ ಮೊದಲು ಸಣ್ಣ ವೈರು. 65 ಸಾವಿರದ ಮಾತು ಆಮೇಲೆ.

ಮರುದಿನ ಕೈ ಹಾಕುವ ಮುಂಚೆ ಒಂದಿಷ್ಟು ಜಾಗ್ರತೆ ಮಾಡಿಕೊಂಡೆವು. ಮುಂದಿನ ಎರಡು ಚಕ್ರವನ್ನು ಜ್ಯಾಕ್ ಕೊಟ್ಟು ಎತ್ತಿ, ಚಾಸಿ ಕೆಳಗೆ ದಪ್ಪ ಮರದ ದಿಮ್ಮಿ ಇಟ್ಟೆವು. ಬರೀ ಜ್ಯಾಕ್ ನಂಬಬಾರದು. ಈ ಗಾಡಿಯಲ್ಲಿ ಬ್ಯಾಟರಿಯೊಂದೇ ಮುಕ್ಕಾಲು ಟನ್ ಇದೆ. ಮುಂದೆ ಎತ್ತುವ ಭಾರಕ್ಕೆ ಹಿಂದಿನ ಸಮತೂಕದಲ್ಲಿ ಅದರ ಪಾಲೂ ಇದೆ. ಉಂಗುರ, ವಾಚು, ಕೊರಳಿನ ಚೈನು ಬಿಚ್ಚಿಟ್ಟೆವು. 48 ವೋಲ್ಟ್ ಹೊಡೆಯುವುದಿಲ್ಲ ಅಂತ ಅಸಡ್ಡೆ ಮಾಡುವವರಿದ್ದಾರೆ. ಸ್ಪ್ಯಾನರ್ ಅಡ್ಡ ಬಿದ್ದರೆ ಅದೇ ಬ್ಯಾಟರಿ ಸ್ಪ್ಯಾನರನ್ನು ವೆಲ್ಡ್ ಮಾಡಿಬಿಡುತ್ತದೆ. ಮಧ್ಯೆ ಉಂಗುರದ ಬೆರಳಿದ್ದರೆ ಅಷ್ಟೇ ಕಥೆ.

ವೈರಿಂಗ್ ನಕ್ಷೆ ಇರಲಿಲ್ಲ. ಒಂದು ರಟ್ಟಿನ ಪೆಟ್ಟಿಗೆ ಹರಿದು, ಅದರ ಮೇಲೆ ವೈರಿನ ಬಣ್ಣ ನೋಡಿ ನೋಡಿ ನಾನೇ ಬರೆದೆ. ಅದಕ್ಕೇ ಅರ್ಧ ದಿನ ಹಿಡಿಯಿತು. ಆಮೇಲೆ ಮಲ್ಟಿಮೀಟರ್ ಹಿಡಿದು ಕೂತೆ. ಇಲ್ಲಿಂದ ಶುರುವಾಯಿತು ನನ್ನ ಎರಡು ದಿನದ ದಂಡ.

ಕಾಂಟ್ಯಾಕ್ಟರನ್ನು ಎಳೆದು ಕೂಡಿಸುವ ಕಾಯಿಲಿನ (ತಂತಿ ಸುರುಳಿಯ) ವೈರು ಬಿಚ್ಚಿ, ಹುಡುಗನಿಗೆ ಸೀಟಿನಲ್ಲಿ ಕೂತು ಪೆಡಲ್ ಒತ್ತು ಅಂದೆ. ವೈರಿನ ತುದಿಗೆ ಮೀಟರ್ ಇಟ್ಟರೆ 48.2 ವೋಲ್ಟ್. ಅಂದರೆ ಗೇಟುಗಳೆಲ್ಲ ತೆರೆದಿವೆ, ಕಾಯಿಲೇ ಸುಟ್ಟಿದೆ ಅಂದುಕೊಂಡೆ. ಕಾಯಿಲಿನ ಓಮ್ ನೋಡಿದರೆ 120ರ ಆಸುಪಾಸು ಬಂತು. ಅದು ಸರಿಯಾದ ಲೆಕ್ಕವೇ. ಕರೆಂಟೂ ಇದೆ, ಕಾಯಿಲೂ ಸರಿ ಇದೆ. ಎರಡನ್ನೂ ಕೂಡಿಸಿದರೆ ಮಾತ್ರ 'ಟಕ್' ಇಲ್ಲ. ಕಂಟ್ರೋಲರಿಗೆ ಬ್ಯಾಟರಿಯ ಪ್ಲಸ್ ಬಂದು ಸೇರುವ ಬಿ ಪ್ಲಸ್ ಟರ್ಮಿನಲ್ ಮೇಲೆ ಮೀಟರ್ ಇಟ್ಟೆ. ಅಲ್ಲೂ 48 ವೋಲ್ಟ್! ಕಾಂಟ್ಯಾಕ್ಟರ್ ಕೂಡಿಯೇ ಇಲ್ಲ, ಅದರಾಚೆ ಕರೆಂಟ್ ಹೇಗೆ ಬಂತು? ನನಗೆ ತಲೆ ಕೆಟ್ಟಿತು. ಸರ್ವಿಸ್ ಹುಡುಗ ಹೇಳಿದ್ದೇ ಸರಿಯೇನೋ ಅನ್ನಿಸಲು ಶುರುವಾಯಿತು.

ನಮ್ಮ ಸಾಲಿನ ಕೊನೆಯಲ್ಲಿ ಲಾರಿಗಳ ವೈರಿಂಗ್ ಮಾಡುವ ಒಬ್ಬ ಕಾಕಾ ಇದ್ದಾರೆ. ಎಪ್ಪತ್ತರ ಮೇಲೆ ವಯಸ್ಸು. ಚಹಾಕ್ಕೆ ಬಂದವರು ನನ್ನ ಮುಖ ನೋಡಿ, ರಟ್ಟಿನ ನಕ್ಷೆ ನೋಡಿ ನಕ್ಕರು.

"ಏನ್ರೀ ಸಾಹೇಬ್ರ, ಗಾಡಿ ಹೊಂಟಿಲ್ಲೇನು?"

"ಕರೆಂಟ್ ಐತ್ರೀ ಕಾಕಾ, ಮೀಟರ್ ತೋರಸಾಕತ್ತೈತಿ. ಆದ್ರೂ ಹೊಂಡವಲ್ತು."

"ಮೀಟರ್ ಬರೇ ನೋಡ್ತೈತ್ರೀ. ಬಲ್ಬ್ ಜಗ್ಗಿ ನೋಡ್ತೈತಿ."

ಅಂಗಡಿಗೆ ಹೋಗಿ ಎರಡು ಲಾರಿ ಬಲ್ಬ್ ತಂದರು. 24 ವೋಲ್ಟ್, 21 ವ್ಯಾಟಿನವು. ಎರಡನ್ನೂ ಸೀರೀಸ್‌ನಲ್ಲಿ ಜೋಡಿಸಿ 48 ವೋಲ್ಟಿನ ಟೆಸ್ಟ್ ಲ್ಯಾಂಪ್ ಮಾಡಿದರು. ಒಂದು ತುದಿಗೆ ಕ್ಲಿಪ್, ಇನ್ನೊಂದಕ್ಕೆ ಗೋಣಿ ಹೊಲಿಯುವ ದಬ್ಬಣ. ಮೀಟರ್ 48.2 ತೋರಿಸಿದ್ದ ಅದೇ ವೈರಿಗೆ ದಬ್ಬಣ ಮುಟ್ಟಿಸಿದರೆ ಬಲ್ಬ್ ಕಣ್ಣೇ ಬಿಡಲಿಲ್ಲ. ಬಲ್ಬನ್ನು ಹಾಗೇ ಇಟ್ಟು ಮೀಟರ್ ನೋಡಿದೆ. 48 ಇದ್ದದ್ದು 3 ವೋಲ್ಟಿಗೆ ಇಳಿದಿತ್ತು.

ಆಗ ಅರ್ಥವಾಯಿತು. ಡಿಜಿಟಲ್ ಮೀಟರಿನ ಒಳಗಿನ ತಡೆ ಸಾಮಾನ್ಯವಾಗಿ ಮೆಗಾಓಮ್ (ಹತ್ತು ಲಕ್ಷ ಓಮ್) ಲೆಕ್ಕದ್ದು. ಅದು ಎಳೆಯುವ ಕರೆಂಟ್ ಇಲ್ಲ ಅನ್ನುವಷ್ಟು ಕಡಿಮೆ. ಜಾಯಿಂಟು ತುಕ್ಕು ಹಿಡಿದು ಕೂದಲೆಳೆಯಷ್ಟು ಮಾತ್ರ ಕೂಡಿದ್ದರೂ ಮೀಟರಿಗೆ ಪೂರ್ತಿ ವೋಲ್ಟ್ ಕಾಣುತ್ತದೆ. ಬಲ್ಬಿಗೆ ಮುಕ್ಕಾಲು ಆಂಪಿಯರಿಗಿಂತ ಜಾಸ್ತಿ ಬೇಕು. ಅಷ್ಟು ಎಳೆಯಲು ಹೋದ ಕೂಡಲೇ ಕೆಟ್ಟ ಜಾಯಿಂಟಿನ ಬಂಡವಾಳ ಬಯಲಾಗುತ್ತದೆ. ನಾನು ಕಾಯಿಲನ್ನು ಬಿಚ್ಚಿ ಅಳೆದದ್ದೇ ತಪ್ಪು. ಕೂಡಿಸಿಟ್ಟೇ ಅಳೆದಿದ್ದರೆ ಮೀಟರಿಗೂ ಗೊತ್ತಾಗುತ್ತಿತ್ತು.

ಬಿ ಪ್ಲಸ್ ಮೇಲೆ ಬಲ್ಬ್ ಇಟ್ಟಾಗ ಇನ್ನೊಂದು ತಮಾಷೆ. ಪಕ್ಕನೆ ಹೊಳೆದು ಆರಿಹೋಯಿತು. ಕಂಟ್ರೋಲರ್ ಒಳಗೆ ದೊಡ್ಡ ಕೆಪಾಸಿಟರ್‌ಗಳು ಇರುತ್ತವೆ. ಅವು ಒಮ್ಮೆಗೇ ಚಾರ್ಜ್ ಆಗಲು ಹೋದರೆ ಕಾಂಟ್ಯಾಕ್ಟರ್ ತುದಿಯಲ್ಲಿ ಕಿಡಿ ಹಾರಿ ಸುಡುತ್ತದೆ. ಅದಕ್ಕೆ ಕಾಂಟ್ಯಾಕ್ಟರ್ ಅಡ್ಡಕ್ಕೆ ಒಂದು ರೆಸಿಸ್ಟರ್ ಕೂರಿಸಿ, ನಿಧಾನಕ್ಕೆ ಮೊದಲೇ ತುಂಬಿಸಿಟ್ಟಿರುತ್ತಾರೆ. ನನ್ನ ಮೀಟರಿಗೆ ಕಂಡದ್ದು ಆ ರೆಸಿಸ್ಟರಿನಿಂದ ಸೋರಿ ಬಂದ 48 ವೋಲ್ಟ್. ಅದರ ಬಲದ ಮೇಲೆ ಗಾಡಿ ಓಡಲ್ಲ. ಆದರೆ ಬ್ಯಾಟರಿ ಪ್ಲಗ್ ಕಿತ್ತ ಮೇಲೂ ಆ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರುತ್ತದೆ. ಅಂದಿನಿಂದ ಕಂಟ್ರೋಲರ್ ಮುಟ್ಟುವ ಮುಂಚೆ ಪ್ಲಗ್ ಕಿತ್ತು, ಇದೇ ಬಲ್ಬನ್ನು ಬಿ ಪ್ಲಸ್, ಬಿ ಮೈನಸ್ ನಡುವೆ ಹಿಡಿದು ಖಾಲಿ ಮಾಡುತ್ತೇನೆ. ಸ್ಕ್ರೂಡ್ರೈವರ್ ಅಡ್ಡ ಹಾಕುವವರನ್ನು ನೋಡಿದ್ದೇನೆ. ಆ ಕಿಡಿ ಕಣ್ಣಿಗೂ ಒಳ್ಳೆಯದಲ್ಲ, ಕೆಪಾಸಿಟರಿಗೂ ಒಳ್ಳೆಯದಲ್ಲ.

ಇನ್ನು ಗೇಟು ಹುಡುಕುವುದು. ಒಂದು ತುದಿಯಿಂದ ಹೋಗದೆ ಕಾಕಾ ನಡುವಿನಿಂದ ಶುರು ಮಾಡಿದರು. ಲಿವರ್ ಹತ್ತಿರ ದಬ್ಬಣ ಇಟ್ಟರು. ಬಲ್ಬ್ ಇಲ್ಲ. ಅಂದರೆ ತೊಂದರೆ ಅದಕ್ಕಿಂತ ಹಿಂದೆ. ಸಣ್ಣ ಫ್ಯೂಸಿನ ಎರಡೂ ಕಡೆ ಬಲ್ಬ್ ಚೆನ್ನಾಗಿ ಉರಿಯಿತು. ಹಾಗಾದರೆ ಫ್ಯೂಸ್ ಮತ್ತು ಲಿವರ್ ನಡುವೆ. ಅಲ್ಲಿ ಇರುವುದು ಸೀಟ್ ಸ್ವಿಚ್ ಮತ್ತು ಹ್ಯಾಂಡ್ ಬ್ರೇಕ್ ಸ್ವಿಚ್, ಎರಡೇ. ಸೀಟ್ ಎತ್ತಿದೆವು.

ಅಲ್ಲಿ ಸ್ವಿಚ್ಚೇ ಇರಲಿಲ್ಲ. ಯಾರೋ ಪುಣ್ಯಾತ್ಮರು ಸ್ವಿಚ್ ಕಿತ್ತು ಎಸೆದು, ಎರಡು ವೈರನ್ನು ಹೊಸೆದು ಮೇಲೆ ಟೇಪ್ ಸುತ್ತಿದ್ದರು. ಸೀಟಿನ ಕೆಳಗೇ ಬ್ಯಾಟರಿ. ಚಾರ್ಜ್ ಆಗುವಾಗ ಏಳುವ ಆ್ಯಸಿಡ್ ಹಬೆ ವರ್ಷಗಟ್ಟಲೆ ಆ ಹೊಸೆದ ತಾಮ್ರಕ್ಕೆ ಬಡಿದಿದೆ. ಟೇಪ್ ಬಿಚ್ಚಿದರೆ ಒಳಗೆ ಹಸಿರು ಪುಡಿ. ಪುಣೆಯಲ್ಲಿ ಹೇಗೋ ಕೂಡಿಕೊಂಡಿದ್ದ ನಾಲ್ಕು ಎಳೆ, ದಾರಿಯ ಮಳೆ ಮತ್ತು ಲಾರಿಯ ಕುಲುಕಾಟಕ್ಕೆ ಬಿಟ್ಟುಹೋಗಿತ್ತು. ನಮ್ಮ ಗಾಡಿ ಹಳೆ ಮಾದರಿ. ಸೀಟ್ ಸ್ವಿಚ್ ಓಡಿಸುವ ದಾರಿಗೆ ಮಾತ್ರ ಇತ್ತು, ಲಿಫ್ಟಿಗೆ ಇರಲಿಲ್ಲ. ಅದಕ್ಕೇ ಫೋರ್ಕ್ ಏರುತ್ತಿತ್ತು.

ಪರೀಕ್ಷೆಗೆ ಮಾತ್ರ ವೈರನ್ನು ಕೆರೆದು ಕೂಡಿಸಿದೆವು. ಪೆಡಲ್ ಒತ್ತಿದೆ. 'ಟಕ್'! ಹುಡುಗರು ಚಪ್ಪಾಳೆ ಹೊಡೆದರು. ಆದರೆ ಚಕ್ರ ತಿರುಗಲಿಲ್ಲ.

ಈಗ ಆಟ ದಪ್ಪ ಕೇಬಲ್ ಕಡೆಗೆ ಬಂತು. ಮೋಟಾರ್ ವೈಂಡಿಂಗ್ ಮಾಡುವ ನನ್ನ ಗೆಳೆಯನನ್ನು ಕರೆದೆ. ಅವನು ಮೊದಲು ಮೋಟಾರನ್ನೇ ಕೇಳೋಣ ಅಂದ. ಮೋಟಾರಿನ ನಾಲ್ಕೂ ಕೇಬಲ್ ಬಿಚ್ಚಿ, ಆರ್ಮೇಚರ್ (ತಿರುಗುವ ಸುರುಳಿ) ಮತ್ತು ಫೀಲ್ಡನ್ನು (ಸುತ್ತ ನಿಂತಿರುವ ಸುರುಳಿ) ಒಂದರ ಹಿಂದೆ ಒಂದು ಜೋಡಿಸಿ, ಕಾರಿನ 12 ವೋಲ್ಟ್ ಬ್ಯಾಟರಿ ಕೊಟ್ಟ. ಚಕ್ರ ನಿಧಾನಕ್ಕೆ ಎತ್ತಿನ ಗಾಣದ ಹಾಗೆ ತಿರುಗಿತು. ಮೋಟಾರಿಗೆ ಕ್ಲೀನ್ ಚಿಟ್ ಸಿಕ್ಕಿತು. ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಸೀರೀಸ್ ಮೋಟಾರಿಗೆ ಹೊರೆ ಇಲ್ಲದೆ ಪೂರ್ತಿ ವೋಲ್ಟ್ ಕೊಡಬಾರದು. ವೇಗಕ್ಕೆ ಲಗಾಮೇ ಇರಲ್ಲ, ಏರುತ್ತಾ ಹೋಗಿ ಆರ್ಮೇಚರ್ ಸಿಡಿದುಬಿಡಬಹುದು. ಚಕ್ರ ಗಾಳಿಯಲ್ಲಿದ್ದಾಗ ಪೆಡಲನ್ನೂ ಚೂರೇ ಒತ್ತಬೇಕು. ಸುರುಳಿಯ ಕರೆಂಟ್ ಬಾಡಿಗೆ ಸೋರುತ್ತಿದೆಯೇ ಅಂತ ನೋಡುವ ಮೆಗ್ಗರ್ ಕೂಡ ಅವನು ತಂದಿದ್ದ. ಅದನ್ನು ಹಚ್ಚಿದ್ದು ಕಂಟ್ರೋಲರಿನ ಕೇಬಲ್‌ಗಳನ್ನು ಪೂರ್ತಿ ಬೇರೆ ಮಾಡಿದ ಮೇಲೆ. ಮೆಗ್ಗರಿನ 500 ವೋಲ್ಟ್ ತಡೆಯುವ ಶಕ್ತಿ ಕಂಟ್ರೋಲರಿಗೆ ಇಲ್ಲ.

ಮೋಟಾರು ಸರಿ, 'ಟಕ್' ಸರಿ. ಉಳಿದದ್ದು ಕಂಟ್ರೋಲರ್. 65 ಸಾವಿರ ಮತ್ತೆ ಕಣ್ಣ ಮುಂದೆ ಬಂತು. ಎಲ್ಲ ವಾಪಸ್ ಜೋಡಿಸಿ, ಗಾಳಿ ಹೊಡೆದು ಧೂಳು ತೆಗೆದಾಗ ಕಂಟ್ರೋಲರ್ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಒಂದು ಕೆಂಪು ದೀಪ ಕಂಡಿತು. ಅದು ಲೆಕ್ಕ ಹಾಕಿ ಮಿಣುಕುತ್ತಿತ್ತು. ಅಷ್ಟು ದಿನ ಗ್ರೀಸಿನ ಕೆಳಗೆ ಕೂತು ಅದು ನಮಗೆ ಕಾಯಿಲೆ ಹೇಳುತ್ತಲೇ ಇತ್ತೋ ಏನೋ, ಕೇಳುವವರಿರಲಿಲ್ಲ. ಮಿಣುಕಿನ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ. ಕಂಟ್ರೋಲರಿನ ಪ್ಲೇಟಿನ ಮೇಲಿದ್ದ ಮಾಡೆಲ್ ನೋಡಿ ಅದರದೇ ಪುಸ್ತಕ ಇಂಟರ್ನೆಟ್‌ನಲ್ಲಿ ಹುಡುಕಿದೆ. ಸಿಕ್ಕಿತು. ಪೆಡಲ್ ಕಡೆ ನೋಡು ಅಂತಿತ್ತು.

ಪೆಡಲ್ ಕೆಳಗೆ ಒಂದು ಪಾಟ್ ಇರುತ್ತದೆ. ರೇಡಿಯೋದ ವಾಲ್ಯೂಮ್ ಗುಂಡಿಯ ದೊಡ್ಡಣ್ಣ ಅನ್ನಿ. ನಮ್ಮದು 0ಯಿಂದ 5,000 ಓಮಿನದು. ಪೆಡಲ್ ಬಿಟ್ಟಾಗ ಸೊನ್ನೆಯ ಹತ್ತಿರ, ಪೂರ್ತಿ ಒತ್ತಿದಾಗ 5,000ದ ಹತ್ತಿರ ಬರಬೇಕು. ನಾನು ಅಳೆದಾಗ ಪೆಡಲ್ ಬಿಟ್ಟೇ ಇದ್ದರೂ 900 ಓಮ್. ಕೀ ಹಾಕಿದ ಕ್ಷಣದಲ್ಲೇ ಪೆಡಲ್ ಒತ್ತಿದ ಹಾಗೆ ಕಂಡರೆ ಕಂಟ್ರೋಲರ್ ಗಾಡಿ ಬಿಡುವುದಿಲ್ಲ. ಅದು ಬೇಕೆಂದೇ ಮಾಡಿರುವುದು. ಇಲ್ಲದಿದ್ದರೆ ಕೀ ತಿರುಗಿಸಿದ ಕೂಡಲೇ ಗಾಡಿ ನೆಗೆದು ಎದುರಿನವನ ಮೇಲೆ ಹೋಗುತ್ತದೆ.

ಬಗ್ಗಿ ಟಾರ್ಚ್ ಬಿಟ್ಟು ನೋಡಿದೆ. ಪೆಡಲಿನ ರಾಡ್ ಮೇಲೆ ಹಗ್ಗ ಉಜ್ಜಿದ ಗುರುತು. ಲಾರಿಯಲ್ಲಿ ಗಾಡಿಯನ್ನು ಬಿಗಿಯುವಾಗ ಹಗ್ಗವನ್ನು ಆ ರಾಡಿಗೆ ಸೇರಿಸಿ ಎಳೆದಿದ್ದಾರೆ. ರಾಡ್ ಬಗ್ಗಿ, ಪಾಟಿನ ಕೈ ತನ್ನ ಶಾಫ್ಟಿನ ಮೇಲೆ ಜಾರಿ ಕೂತಿತ್ತು. ಮೇಲಿನಿಂದ ನೋಡಿದರೆ ಪೆಡಲ್ ನೆಟ್ಟಗೇ ಇತ್ತು. ಸಾಲದ್ದಕ್ಕೆ ಅದರ ಕೆಳಗೆ ಎರಡು ಬೆರಳು ದಪ್ಪ ಕೊಳೆ. ರಾಡ್ ನೇರ ಮಾಡಿ, ಕೊಳೆ ಕೆರೆದು, ಸ್ಪ್ರಿಂಗ್ ಬದಲಿಸಿ, ಪಾಟಿನ ಕೈಯನ್ನು ಮತ್ತೆ ಕೂರಿಸಿದೆ. ಪೆಡಲ್ ಬಿಟ್ಟಾಗ 30 ಓಮ್, ಒತ್ತಿದಾಗ 4,800. ಒತ್ತುತ್ತಾ ಹೋದಾಗ ನಡುವೆ ಎಲ್ಲೂ ಓಮ್ ಜಿಗಿಯಲಿಲ್ಲ. ಅದನ್ನೂ ನೋಡಬೇಕು. ಪಾಟ್ ನಡುವೆ ಸವೆದಿದ್ದರೆ ಗಾಡಿ ಓಡುತ್ತಾ ಓಡುತ್ತಾ ಮುಗ್ಗರಿಸುತ್ತದೆ.

ಕೀ, ಲಿವರ್ ಮುಂದಕ್ಕೆ, ಪೆಡಲ್ ಒಂದಿಷ್ಟು. ಚಕ್ರ ತಿರುಗಿತು! ಕಾಯಿ ಹುಡುಕಲು ಒಬ್ಬ ಓಡಿದ. ಲಿವರ್ ಹಿಂದಕ್ಕೆ ಹಾಕಿದೆ. 'ಟಕ್' ಬಂತು, ಚಕ್ರ ನಿಂತೇ ಇತ್ತು. ಕಾಯಿ ತಂದವನು ಕೈಯಲ್ಲೇ ಹಿಡಿದುಕೊಂಡು ನಿಂತ.

ಇದಕ್ಕೆ ಜಾಸ್ತಿ ಹೊತ್ತು ಬೇಕಾಗಲಿಲ್ಲ. ಮುಂದೆ ಹೋಗುತ್ತದೆ ಅಂದರೆ ಕಂಟ್ರೋಲರ್, ಪೆಡಲ್, ಮೋಟಾರು ಎಲ್ಲ ಸರಿ ಅಂತಲೇ. ಹಿಂದಿನ ದಾರಿಗೆ ಮಾತ್ರ ಸಂಬಂಧಪಟ್ಟದ್ದು ರಿವರ್ಸ್ ಕಾಂಟ್ಯಾಕ್ಟರ್. ಪುಣೆಯ ಆ ಜರ್ಕ್ ನೆನಪಾಯಿತು. ಈ ಸಲ ಮೀಟರನ್ನು ಬೇರೆ ಥರ ಬಳಸಿದೆ. ಕೂಡಿರುವ ಕಾಂಟ್ಯಾಕ್ಟಿನ ಎರಡೂ ಬದಿಗೆ ಒಂದೊಂದು ಮುಳ್ಳು ಇಟ್ಟು, ಪೆಡಲ್ ಒತ್ತಿಸಿದೆ. ಸರಿಯಾಗಿ ಕೂಡಿದ ಜಾಗದಲ್ಲಿ ವೋಲ್ಟ್ ಕಾಣಬಾರದು. ಫಾರ್ವರ್ಡ್ ಕಾಂಟ್ಯಾಕ್ಟಿನ ಮೇಲೆ 0.05. ರಿವರ್ಸಿನ ಮೇಲೆ 30ಕ್ಕಿಂತ ಜಾಸ್ತಿ. ಅಂದರೆ ಕಾಯಿಲು ಎಳೆಯುವ ಪ್ಲಂಜರ್ ಬಡಿಯುತ್ತಿದೆ, ತುದಿಗಳು ಮಾತ್ರ ಮುಟ್ಟುತ್ತಿಲ್ಲ. ಬಿಚ್ಚಿದರೆ ತುದಿ ಸುಟ್ಟು ಹಳ್ಳ ಬಿದ್ದು, ನಡುವೆ ಕರಗಿದ ಗುಳ್ಳೆಯೊಂದು ಅಂಟಿತ್ತು.

ಬೆಳ್ಳಿ ಬೆರೆತ ತುದಿ ಬರೀ ಕಪ್ಪಾಗಿದ್ದರೆ ಮುಟ್ಟಬೇಡಿ, ಆ ಕಪ್ಪಿನಲ್ಲೂ ಕರೆಂಟ್ ಹರಿಯುತ್ತದೆ. ಎಮರಿ ಪೇಪರ್ ಅಂತೂ ಬೇಡವೇ ಬೇಡ. ಅದರ ಹರಳು ತುದಿಯೊಳಗೆ ಹೂತುಕೊಂಡು ಮತ್ತೆ ಸುಡುತ್ತದೆ. ನಾನು ಸಣ್ಣ ಅರದಿಂದ ಗುಳ್ಳೆ ಮಾತ್ರ ತೆಗೆದೆ. ರಿವರ್ಸ್ ಬಂತು, ಅಳತೆ 0.08ಕ್ಕೆ ಇಳಿಯಿತು. ಇದು ತಾತ್ಕಾಲಿಕ. ಹದಿನೈದು ದಿನಕ್ಕೆ ಹೊಸ ತುದಿಗಳ ಸೆಟ್ ತರಿಸಿ ಹಾಕಿದೆ. ಕಾಯಿ ಒಡೆದದ್ದು ಅಂದೇ ಸಂಜೆ, ದಿಮ್ಮಿ ತೆಗೆದು ಗಾಡಿ ನೆಲದ ಮೇಲೆ ಒಂದು ಸುತ್ತು ಬಂದ ಮೇಲೆ.

ಸೀಟ್ ಸ್ವಿಚ್ ಹೊಸದು ಹಾಕಿದ್ದೇನೆ. ಹೊಸೆದ ವೈರನ್ನು ಹಾಗೆ ಬಿಡಲು ಮನಸ್ಸಾಗಲಿಲ್ಲ. ಆಪರೇಟರ್ ಕೆಳಗಿಳಿದು ಕೈಯಿಂದ ಪೆಡಲ್ ಒತ್ತಿದರೂ ಗಾಡಿ ಹೊರಡುವ ಸ್ಥಿತಿ ಅದು. ಬ್ಯಾಟರಿ ಮೇಲಿನ ಕೊಳೆಯನ್ನೂ ಸೋಡಾ ಪುಡಿ ನೀರಿನಲ್ಲಿ ತೊಳೆದೆವು, ಸೆಲ್ಲಿನ ಮುಚ್ಚಳ ಬಿಗಿಯಾಗಿ ಮುಚ್ಚಿಕೊಂಡು. ಬ್ಯಾಟರಿ ಪ್ಲಸ್ಸಿಗೂ ಗಾಡಿಯ ಬಾಡಿಗೂ ಮೀಟರ್ ಇಟ್ಟರೆ ಮೊದಲು 11 ವೋಲ್ಟ್ ತೋರಿಸುತ್ತಿತ್ತು. ತೊಳೆದು ಒಣಗಿಸಿದ ಮೇಲೆ 1 ವೋಲ್ಟೂ ಇಲ್ಲ. ಆ ಒದ್ದೆ ಆ್ಯಸಿಡ್ ಕೊಳೆಯ ಮೇಲೇ ಕರೆಂಟ್ ಬಾಡಿಗೆ ಸೋರುತ್ತಿತ್ತು.

24 ಸೆಲ್ಲಿನಲ್ಲಿ ಒಂಬತ್ತನೆಯದು ಸೋತಿದೆ. ಬೇರೆಯವು ಪೂರ್ತಿ ಚಾರ್ಜ್ ಆದಾಗ ಆ್ಯಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್‌ನಲ್ಲಿ 1270ರ ಆಸುಪಾಸು ನಿಂತರೆ ಇದು 1180 ದಾಟಲ್ಲ. ಭಾರ ಎತ್ತುವಾಗ 1.5 ವೋಲ್ಟಿಗೆ ಕುಸಿಯುತ್ತದೆ. ಅದನ್ನು ದಾಟಿಸಿ ಲಿಂಕ್ ಹಾಕಿಬಿಡಿ ಅಂದವರಿದ್ದಾರೆ. ಆದರೆ ಚಾರ್ಜರ್ ಇರುವುದು 24 ಸೆಲ್ಲಿನ ಲೆಕ್ಕಕ್ಕೆ. 23ಕ್ಕೆ ಅಷ್ಟೇ ವೋಲ್ಟ್ ಕೊಟ್ಟರೆ ಉಳಿದವೂ ಬೇಗ ಕುದಿದು ಹೋಗುತ್ತವೆ. ಹೊಸ ಸೆಲ್ ಒಂದನ್ನೇ ಹಳೆಯವುಗಳ ನಡುವೆ ಕೂರಿಸುವುದೂ ಚೆನ್ನಾಗಿ ಹೊಂದಲ್ಲ. ಅದೇ ಸೈಜಿನ, ಹೆಚ್ಚುಕಮ್ಮಿ ಅದೇ ವಯಸ್ಸಿನ ಒಂದು ಹಳೆ ಸೆಲ್ಲಿಗೆ ಬ್ಯಾಟರಿಯವನಿಗೆ ಹೇಳಿಟ್ಟಿದ್ದೇನೆ.

ಖರ್ಚು ಎಲ್ಲ ಸೇರಿ, ಸೀಟ್ ಸ್ವಿಚ್, ಸ್ಪ್ರಿಂಗ್, ತುದಿಗಳ ಸೆಟ್, ಗೆಳೆಯನ ಊಟ, 5,000 ದಾಟಲಿಲ್ಲ. ಮೂರು ದಿನ ಶಾಪಿನ ಕೆಲಸ ಹಿಂದೆ ಬಿತ್ತು, ಅದು ಬೇರೆ. ನಮ್ಮ ಆಪರೇಟರಿಗೆ ಮಾತ್ರ ಸಮಾಧಾನವಿಲ್ಲ. ಹಿಂದೆ ತಿರುಗಿ ನೋಡಲು ಸೀಟಿನಿಂದ ಅರ್ಧ ಎದ್ದರೆ ಗಾಡಿ ನಿಂತುಬಿಡುತ್ತದೆ ಅಂತ ದಿನಾ ದೂರು. "ಸಾಹೇಬ್ರ, ಆ ಎರಡು ವೈರ್ ಮೊದಲಿನಂಗ ಕೂಡಿಸಿಬಿಡ್ರಲಾ" ಅನ್ನುತ್ತಾನೆ. ಕೂಡಿಸಿಲ್ಲ. ಬದಲಿಗೆ ಅವನಿಗೆ ಎರಡು ದೊಡ್ಡ ಕನ್ನಡಿ ಹಾಕಿಸಿಕೊಟ್ಟಿದ್ದೇನೆ.

ಟೆಸ್ಟ್ ಲ್ಯಾಂಪ್ ಇನ್ನೂ ನನ್ನ ಹತ್ತಿರವೇ ಇದೆ, ಗಾಡಿಯ ಕಂಬಕ್ಕೆ ನೇತು ಹಾಕಿದ್ದೇನೆ. ಕಾಕಾ ಚಹಾಕ್ಕೆ ಬಂದಾಗಲೆಲ್ಲ "ನನ್ನ ದಬ್ಬಣ ಯಾವಾಗ ಕೊಡ್ತೀರಿ?" ಅಂತ ಕೇಳುತ್ತಾರೆ.